ತಿಮಿಂಗಿಲ ಶಾರ್ಕ್ ಮತ್ತು ಕುಣಿಯುವ ಕಪ್ಪೆ: ಆರೋಪಿಯುಳ್ಳ ಅಪಾಯ, ಆರೋಪಿಯಿಲ್ಲದ ಅಪಾಯ

ತಕ್ಕಡಿಯಲ್ಲಿ ಕಪ್ಪೆ ತೂಗಿದಂತೆ ಎಂಬ ನಾಣ್ಣುಡಿಯನ್ನು ಕೇಳದವರು ನಮ್ಮಲ್ಲಿ ವಿರಳ. ಒಂದನ್ನು ಹಿಡಿದು ತಟ್ಟೆಗೆ ಹಾಕುವಷ್ಟರಲ್ಲಿ ಇನ್ನೊಂದು ಹೊರಕ್ಕೆ ನೆಗೆದಿರುತ್ತದೆ. ಇಲ್ಲಿ ನಾನು ತೂಗಲು ಹೊರಟಿರುವುದು ಅದಕ್ಕಿಂತಲೂ ವಿಚಿತ್ರವಾದ ಜೋಡಿಯನ್ನು. ಒಂದು ತಟ್ಟೆಯಲ್ಲಿ ಹತ್ತು ಟನ್ನನ್ನೂ ಮೀರಬಲ್ಲ, ಜಗತ್ತಿನ ಅತಿ ದೊಡ್ಡ ಮೀನಾದ ತಿಮಿಂಗಿಲ ಶಾರ್ಕ್. ಇನ್ನೊಂದರಲ್ಲಿ ಒಂದೆರಡು ಗ್ರಾಂ ತೂಗುವ, ಪಶ್ಚಿಮ ಘಟ್ಟದ ತೊರೆಗಳಲ್ಲಲ್ಲದೆ ಲೋಕದ ಬೇರೆಲ್ಲಿಯೂ ಇಲ್ಲದ ಕುಣಿಯುವ ಕಪ್ಪೆ.

ಕಾಸರಗೋಡಿನವರಾದ ನಮಗೆ ಈ ಎರಡೂ ದೂರದ ಪ್ರಾಣಿಗಳಲ್ಲ. ನಮ್ಮ ಪಡುವಣಕ್ಕೆ ಅರಬ್ಬೀ ಸಮುದ್ರ, ಮೂಡಣಕ್ಕೆ ಘಟ್ಟದ ಸಾಲು. ಕೊಡಗಿನ ಬೆಟ್ಟಗಳಲ್ಲಿ ಹುಟ್ಟುವ ಪಯಸ್ವಿನಿಯು ಚಂದ್ರಗಿರಿ ಎಂಬ ಹೆಸರಿನಿಂದ ನಮ್ಮ ಪಟ್ಟಣದ ಬಳಿ ಕಡಲನ್ನು ಸೇರುತ್ತದೆ. ಅದು ಹೊರಡುವುದು ಕಪ್ಪೆಯ ನಾಡಿನಿಂದ, ಸೇರುವುದು ಶಾರ್ಕಿನ ನಾಡನ್ನು.

ಶಾಲೆಯ ವಿಜ್ಞಾನ ಪಾಠದಲ್ಲಿ ‘ಅಳಿವಿನಂಚಿನ ಜೀವಿಗಳು’ ಎಂಬ ಒಂದೇ ಶೀರ್ಷಿಕೆಯ ಕೆಳಗೆ ಇಂತಹ ಜೀವಿಗಳ ಪಟ್ಟಿ ಇರುತ್ತದೆ. ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತಾರೆ. ಪಟ್ಟಿ ಒಂದೇ ಆದರೂ ಅದರೊಳಗಿನ ಅಪಾಯಗಳು ಒಂದೇ ಬಗೆಯವಲ್ಲ ಎಂಬುದನ್ನು ಪಟ್ಟಿಯು ತಿಳಿಸುವುದಿಲ್ಲ. ಒಂದು ಜೀವಿಯನ್ನು ಕೊಲ್ಲುವ ಕೈಯುಂಟು. ಆ ಕೈಯನ್ನು ತಡೆದರೆ ಜೀವಿ ಉಳಿಯುತ್ತದೆ. ಇನ್ನೊಂದನ್ನು ಯಾರೂ ಕೊಲ್ಲುವುದಿಲ್ಲ. ಅದು ಬಾಳುವ ಜಾಗವೇ ಸ್ವಲ್ಪ ಸ್ವಲ್ಪವಾಗಿ ಇಲ್ಲವಾಗುತ್ತದೆ. ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿಯುವುದನ್ನೇ ವೃತ್ತಿಯಾಗಿಸಿಕೊಂಡ ನನಗೆ ಈ ಭೇದವು ಬಹಳ ಮುಖ್ಯವೆಂದು ತೋರುತ್ತದೆ. ಏಕೆಂದರೆ ಕಾನೂನು ಮೊದಲು ಕೇಳುವ ಪ್ರಶ್ನೆಯೇ ‘ಆರೋಪಿ ಯಾರು?’ ಎಂಬುದು.

ಕಡಲಿನ ಸಾಧು ದೈತ್ಯ

ಶಾರ್ಕ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಚೂಪುಹಲ್ಲಿನ, ನೆತ್ತರಿನ ವಾಸನೆ ಹಿಡಿದು ಬರುವ ಮೀನು. ತುಳುವಿನ ‘ತಾಟೆ’, ಮಲಯಾಳದ ‘ಸ್ರಾವ್’ ಎಂಬ ಹೆಸರುಗಳು ನಮ್ಮ ಮೀನುಪೇಟೆಗಳಲ್ಲಿ ಕೇಳಿಬರುವಂಥವೇ. ಆದರೆ ಆ ಕುಲದ ಹಿರಿಯಣ್ಣನಾದ ತಿಮಿಂಗಿಲ ಶಾರ್ಕ್ ಪರಮ ಸಾಧು. ಹೆಸರಿನಲ್ಲಿ ತಿಮಿಂಗಿಲವಿದ್ದರೂ ಅದು ತಿಮಿಂಗಿಲವಲ್ಲ. ತಿಮಿಂಗಿಲವು ಶ್ವಾಸಕೋಶದಿಂದ ಉಸಿರಾಡಿ ಮರಿಗೆ ಹಾಲೂಡಿಸುವ ಸಸ್ತನಿ. ಇದು ಕಿವಿರುಗಳಿಂದ ಉಸಿರಾಡುವ, ಎಲುಬಿನ ಬದಲು ಮೃದ್ವಸ್ಥಿಯ ಹಂದರವುಳ್ಳ ಮೀನು. 18 ಮೀಟರಿಗೂ ಮೀರಿದ ಉದ್ದದವು ದಾಖಲಾಗಿವೆ. 1828ರಲ್ಲಿ ದಕ್ಷಿಣ ಆಫ್ರಿಕದ ಟೇಬಲ್ ಕೊಲ್ಲಿಯಲ್ಲಿ ಸಿಕ್ಕಿದ ಒಂದು ಮೀನನ್ನು ಪರೀಕ್ಷಿಸಿ ಆಂಡ್ರ್ಯೂ ಸ್ಮಿತ್ ಎಂಬ ವೈದ್ಯರು ಇದನ್ನು ವಿಜ್ಞಾನಲೋಕಕ್ಕೆ ಪರಿಚಯಿಸಿದರು.

ಇಷ್ಟು ದೊಡ್ಡ ದೇಹಕ್ಕೆ ಆಹಾರವೆಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳು, ಮೀನಿನ ಮೊಟ್ಟೆಗಳು, ಸಣ್ಣ ಮೀನು ಮತ್ತು ಸಿಗಡಿಗಳು. ಅಗಲವಾದ ಬಾಯಿಯನ್ನು ತೆರೆದು ನೀರನ್ನು ಒಳಗೆಳೆದು, ಸೋಸಿ, ಕಿವಿರುಗಳ ಮೂಲಕ ಹೊರಬಿಡುತ್ತದೆ. ಬಾಯಲ್ಲಿ ಸಾವಿರಾರು ಹಲ್ಲುಗಳಿದ್ದರೂ ಅವು ಅತಿ ಚಿಕ್ಕವು; ಊಟಕ್ಕೆ ಅವುಗಳ ಅಗತ್ಯವೇ ಬೀಳುವುದಿಲ್ಲ. ಬೆನ್ನ ಮೇಲೆ ರಂಗೋಲಿಯ ಚುಕ್ಕಿಗಳಂತೆ ಬಿಳಿಯ ಬೊಟ್ಟುಗಳು. ಮನುಷ್ಯರ ಬೆರಳಚ್ಚಿನಂತೆ ಈ ಚುಕ್ಕಿಗಳ ವಿನ್ಯಾಸವೂ ಒಂದರಂತೆ ಇನ್ನೊಂದಕ್ಕೆ ಇರುವುದಿಲ್ಲ. ಛಾಯಾಚಿತ್ರಗಳಲ್ಲಿ ಚುಕ್ಕಿಗಳನ್ನು ಹೋಲಿಸಿ ವಿಜ್ಞಾನಿಗಳು ಒಂದೊಂದು ಮೀನನ್ನೂ ಗುರುತು ಹಿಡಿಯುತ್ತಾರೆ.

ಇದರ ಬಾಳು ನಿಧಾನದ್ದು. ಪ್ರಾಯಕ್ಕೆ ಬರಲು ಸುಮಾರು 25 ವರ್ಷಗಳಾದರೂ ಬೇಕು. 1995ರಲ್ಲಿ ತೈವಾನಿನ ಬಳಿ ಸಿಕ್ಕಿದ ಒಂದು ಹೆಣ್ಣು ಮೀನಿನ ಗರ್ಭದಲ್ಲಿ ಸುಮಾರು 300 ಮರಿಗಳಿದ್ದವು. ಮೊಟ್ಟೆಗಳು ತಾಯಿಯ ಒಡಲಲ್ಲಿಯೇ ಒಡೆದು ಮರಿಗಳಾಗುತ್ತವೆಂಬುದು ಅದರಿಂದ ಸ್ಪಷ್ಟವಾಯಿತು. ಆದರೂ ತಿಮಿಂಗಿಲ ಶಾರ್ಕ್ ಮರಿ ಹಾಕುವುದನ್ನು ಕಡಲಿನಲ್ಲಿ ಕಣ್ಣಾರೆ ಕಂಡ ವಿಜ್ಞಾನಿ ಇನ್ನೂ ಇಲ್ಲ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ (ಐಯುಸಿಎನ್) 2016ರಲ್ಲಿ ಇದನ್ನು ತನ್ನ ಕೆಂಪು ಪಟ್ಟಿಯ ಅಳಿವಿನಂಚಿನ ವರ್ಗಕ್ಕೆ ಸೇರಿಸಿತು. ಮೂರು ತಲೆಮಾರು, ಎಂದರೆ ಸುಮಾರು 75 ವರ್ಷಗಳ ಅವಧಿಯಲ್ಲಿ ಇದರ ಸಂಖ್ಯೆ ಅರ್ಧಕ್ಕಿಂತಲೂ ಕಡಿಮೆಯಾಗಿದೆ ಎಂಬುದು ಅದರ ಅಂದಾಜು.

ತೊರೆಯ ಪುಟ್ಟ ನರ್ತಕ

ಇನ್ನು ಕಪ್ಪೆಯ ಕಡೆಗೆ ಬರೋಣ. ಇದರ ಕುಲಕ್ಕೆ ವಿಜ್ಞಾನದಲ್ಲಿ ಮೈಕ್ರಿಕ್ಸಾಲಸ್ ಎಂದು ಹೆಸರು. ಉದ್ದ ಎರಡು ಮೂರು ಸೆಂಟಿಮೀಟರ್. ಮೈಬಣ್ಣ ಒದ್ದೆ ಬಂಡೆಯದ್ದೇ ಆದುದರಿಂದ ಕಾಲಬುಡದಲ್ಲಿದ್ದರೂ ಕಣ್ಣಿಗೆ ಬೀಳುವುದು ಕಷ್ಟ. ಇದು ನೆಲೆಸುವುದು ಕಾಡಿನ ನೆರಳಿನಲ್ಲಿ, ಕಲ್ಲುಗಳ ನಡುವೆ ಧುಮುಕುತ್ತ ಹರಿಯುವ ತಣ್ಣನೆಯ ತೊರೆಗಳ ಅಂಚಿನಲ್ಲಿ.

ಅಲ್ಲಿ ನೀರಿನ ಸದ್ದು ಎಷ್ಟೆಂದರೆ ಪುಟ್ಟ ಕಪ್ಪೆಯ ಕೂಗು ಮೊಳದಾಚೆ ಕೇಳಿಸದು. ಆದುದರಿಂದ ಗಂಡು ಕಪ್ಪೆಯು ಕೂಗುವುದರ ಜೊತೆಗೆ ಕಾಲನ್ನೂ ಬಳಸುತ್ತದೆ. ಬಂಡೆಯ ಮೇಲೆ ಕುಳಿತು ಹಿಂಗಾಲೊಂದನ್ನು ನೀಳವಾಗಿ ಚಾಚಿ, ಬೆರಳುಗಳ ನಡುವಿನ ತೊಗಲನ್ನು ಬಿಸಣಿಗೆಯಂತೆ ಹರಡಿ, ಬೀಸಿ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಇದು ಹೆಣ್ಣಿಗೆ ಕರೆ; ಪಕ್ಕದ ಬಂಡೆಯ ಗಂಡಿಗೆ ಎಚ್ಚರಿಕೆ. ಕುಣಿಯುವ ಕಪ್ಪೆ ಎಂಬ ಹೆಸರು ಬಂದುದು ಹೀಗೆ. ಮಳೆಗಾಲದ ಅಬ್ಬರ ಇಳಿದು ತೊರೆಯ ನೀರು ಹದಕ್ಕೆ ಬಂದ ಮೇಲೆಯೇ ಇವುಗಳ ಸಂತಾನೋತ್ಪತ್ತಿಯ ಕಾಲ.

ಈ ಕುಲದ ಅಧ್ಯಯನದಲ್ಲಿ ಕನ್ನಡನಾಡಿನ ಪಾಲು ಹಿರಿದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣ ರಾವ್ ಅವರು 1937ರಲ್ಲಿ ಚಿಕ್ಕಮಗಳೂರು ಸೀಮೆಯ ಕೊಟ್ಟಿಗೆಹಾರದಿಂದ ಒಂದು ಜಾತಿಯನ್ನು ವಿವರಿಸಿದರು. ಆ ಊರಿನ ಹೆಸರೇ ಅದರ ವೈಜ್ಞಾನಿಕ ಹೆಸರಿನಲ್ಲಿ ಸೇರಿ ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್ ಎಂದಾಯಿತು. 1932ರಲ್ಲಿ ಪ್ರಾರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಮುಂದೆ 2014ರಲ್ಲಿ ಕೇರಳದವರೇ ಆದ ಎಸ್. ಡಿ. ಬಿಜು ಮತ್ತು ಸಂಗಡಿಗರು ಇದೇ ಕುಲದ 14 ಹೊಸ ಜಾತಿಗಳನ್ನು ಒಮ್ಮೆಗೇ ಪ್ರಕಟಿಸಿದರು. ಒಟ್ಟು ಜಾತಿಗಳ ಸಂಖ್ಯೆ 24 ಆಯಿತು.

ಶಾರ್ಕಿನ ಹೆರಿಗೆಯಂತೆ ಈ ಕಪ್ಪೆಯ ಬಾಲ್ಯವೂ ಬಹುಕಾಲ ಗುಟ್ಟಾಗಿಯೇ ಇತ್ತು. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಕೆ. ವಿ. ಗುರುರಾಜ ಅವರು ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ತಿಳಿದುಬಂದಂತೆ, ಹೆಣ್ಣು ಕಪ್ಪೆಯು ತೊರೆಯ ತಳದಲ್ಲಿ ಹಿಂಗಾಲುಗಳಿಂದ ಗುಳಿ ತೋಡಿ, ಮೊಟ್ಟೆಯಿಟ್ಟು, ಮರಳು ಹರಳುಗಳಿಂದ ಮುಚ್ಚಿಬಿಡುತ್ತದೆ. ಗೊದಮೊಟ್ಟೆಗಳು ಎಲ್ಲಿ ಬೆಳೆಯುತ್ತವೆಂಬ ಪ್ರಶ್ನೆಗೆ 2016ರಲ್ಲಿ ಉತ್ತರ ದೊರೆಯಿತು: ತೊರೆಯ ತಳದ ಮರಳಿನ ಒಳಗೆ! ಹಾವುಮೀನಿನಂತೆ ಉದ್ದನೆಯ ಮೈ, ತೊಗಲು ಮುಚ್ಚಿದ ಕಣ್ಣು. ಮರಳನ್ನೇ ನುಂಗುತ್ತ ಕತ್ತಲಿನಲ್ಲಿ ಬೆಳೆಯುವ ಮರಿಗಳವು. ಹೀಗೆ ಮೊಟ್ಟೆ, ಮರಿ, ಪ್ರಾಯ ಎಂಬ ಮೂರು ಅವಸ್ಥೆಗಳಿಗೂ ಆ ಒಂದೇ ತೊರೆಯ ಕೆಲವು ಮಾರು ಉದ್ದದ ಜಾಗವೇ ಜಗತ್ತು.

2023ರಲ್ಲಿ ಪ್ರಕಟವಾದ ಎರಡನೆಯ ಜಾಗತಿಕ ಉಭಯಚರ ಮೌಲ್ಯಮಾಪನದ ಪ್ರಕಾರ ಕುಣಿಯುವ ಕಪ್ಪೆಗಳ 24 ಜಾತಿಗಳಲ್ಲಿ ಎರಡು ತೀವ್ರ ಅಳಿವಿನಂಚಿನಲ್ಲಿವೆ, 15 ಅಳಿವಿನಂಚಿನಲ್ಲಿವೆ. ಭಾರತದ ಉಭಯಚರ ಕುಲಗಳಲ್ಲಿ ಅತಿ ಹೆಚ್ಚು ಅಪಾಯಕ್ಕೊಳಗಾದುದು ಇದೇ.

ಎರಡು ಬಗೆಯ ನಷ್ಟ

ಈಗ ಎರಡನ್ನೂ ಎದುರುಬದುರು ಇಟ್ಟು ನೋಡೋಣ. ಶಾರ್ಕಿಗೆ ಸಾಗರಗಳೇ ಹೊಲಮೇರೆ. ಉಷ್ಣವಲಯದ ಬಹುತೇಕ ಎಲ್ಲ ಕಡಲುಗಳಲ್ಲಿ ಅದು ಅಲೆಯುತ್ತದೆ. ಒಂದು ಕಡೆ ಬಾಳುವುದು ಕಷ್ಟವಾದರೆ ಇನ್ನೊಂದು ಕಡೆಗೆ ಹೋಗಬಲ್ಲದು. ಆದರೆ ಸಾಯಲು ಒಂದೇ ಬಲೆ, ಒಂದೇ ಕೊಕ್ಕೆ ಸಾಕು. ಪ್ರಾಯಕ್ಕೆ ಬರಲು ಕಾಲು ಶತಮಾನ ಬೇಕಾದ ಜೀವಿಯ ನಷ್ಟವನ್ನು ತುಂಬಿಕೊಳ್ಳುವುದು ಸುಲಭವಲ್ಲ.

ಕಪ್ಪೆಯನ್ನು ಹಿಡಿಯಲು ಬಲೆ ಬೀಸುವವರಿಲ್ಲ. ಅದಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಆದರೆ ತೊರೆ ಬತ್ತಿದರೆ ಅದು ಗುಡ್ಡ ದಾಟಿ ಇನ್ನೊಂದು ತೊರೆಗೆ ಹೋಗಲಾರದು. ಮೇಲಿನ ಮರಗಳನ್ನು ಕಡಿದರೆ ಬಿಸಿಲು ಬಿದ್ದು ನೀರು ಬಿಸಿಯಾಗುತ್ತದೆ. ಮಣ್ಣು ಕೊಚ್ಚಿ ಬಂದರೆ ಮರಳಿನ ಸಂದುಗಳು ಕೆಸರಿನಿಂದ ಮುಚ್ಚಿಹೋಗಿ ಮೊಟ್ಟೆ ಮರಿಗಳಿಗೆ ಎಡೆಯೇ ಇಲ್ಲದಾಗುತ್ತದೆ. ಕಪ್ಪೆಯು ಚರ್ಮದ ಮೂಲಕವೂ ಉಸಿರಾಡುತ್ತದೆ, ನೀರನ್ನು ಹೀರುತ್ತದೆ. ನೀರಿಗೆ ಬೆರೆತ ವಿಷವು ನೇರವಾಗಿ ಅದರ ಮೈಯೊಳಗೆ ಇಳಿಯುತ್ತದೆ. ನೀರಿಗಿಳಿದ ವಿಷವೆಂದರೆ ಏನೆಂಬುದನ್ನು ಎಂಡೋಸಲ್ಫಾನಿನ ದುರಂತವನ್ನುಂಡ ನಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಜಾಗತಿಕ ಅಧ್ಯಯನಗಳೂ ಇದನ್ನೇ ಹೇಳುತ್ತವೆ. 2021ರಲ್ಲಿ ಪ್ರಕಟವಾದ ಶಾರ್ಕ್ ಮತ್ತು ತೊರಕೆ ಮೀನುಗಳ ಮೌಲ್ಯಮಾಪನದಲ್ಲಿ, ಅವುಗಳ ಜಾತಿಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಅಪಾಯದಲ್ಲಿವೆಯೆಂದೂ ಅಪಾಯದಲ್ಲಿರುವ ಎಲ್ಲ ಜಾತಿಗಳಿಗೂ ಮಿತಿಮೀರಿದ ಮೀನುಗಾರಿಕೆಯು ಕಾರಣವೆಂದೂ ಕಂಡುಬಂತು. ಉಭಯಚರಗಳಲ್ಲಿ ಅಪಾಯದಲ್ಲಿರುವುದು ಶೇಕಡಾ 41ರಷ್ಟು. ಅವುಗಳ ವಿಷಯದಲ್ಲಿ ಇಂತಹ ಒಂದೇ ಕಾರಣವನ್ನು ಬೊಟ್ಟುಮಾಡಿ ತೋರಿಸಲಾಗದು. ಕಾಡಿನ ನಾಶ, ಕೃಷಿಯ ವಿಸ್ತರಣೆ, ಕೈಟ್ರಿಡ್ ಎಂಬ ಶಿಲೀಂಧ್ರದ ರೋಗ, ಇತ್ತೀಚೆಗೆ ಎಲ್ಲಕ್ಕಿಂತ ಮಿಗಿಲಾಗಿ ಹವಾಮಾನದ ಬದಲಾವಣೆ: ಎಲ್ಲವೂ ಸೇರಿ ಕೆಲಸ ಮಾಡುತ್ತವೆ.

ಕಾನೂನು ಗೆದ್ದ ಕಥೆ

1990ರ ದಶಕದಲ್ಲಿ ಗುಜರಾತಿನ ವೇರಾವಳ, ಮಾಂಗ್ರೋಳ ಮೊದಲಾದ ಬಂದರುಗಳಲ್ಲಿ ತಿಮಿಂಗಿಲ ಶಾರ್ಕುಗಳನ್ನು ನೂರಾರು ಸಂಖ್ಯೆಯಲ್ಲಿ ಕೊಲ್ಲಲಾಗುತ್ತಿತ್ತು. ಅದರ ಯಕೃತ್ತಿನ ಎಣ್ಣೆಯನ್ನು ಮರದ ದೋಣಿಗಳಿಗೆ ನೀರು ಹಿಡಿಯದಂತೆ ಬಳಿಯುವುದು ಹಳೆಯ ರೂಢಿ. ಮಾಂಸಕ್ಕೆ ವಿದೇಶದಿಂದ ಬೇಡಿಕೆ ಬಂದ ಮೇಲೆ ಬೇಟೆ ಹೆಚ್ಚಿತು. ಕೊಕ್ಕೆಗೆ ಪೀಪಾಯಿಗಳನ್ನು ಕಟ್ಟಿ ಹಿಡಿಯುತ್ತಿದ್ದುದರಿಂದ ಆ ಮೀನಿಗೇ ಅಲ್ಲಿ ‘ಬ್ಯಾರಲ್’ ಎಂಬ ಹೆಸರು ಅಂಟಿಕೊಂಡಿತ್ತು. ಮೈಕ್ ಪಾಂಡೆ ಅವರು ಈ ಬೇಟೆಯನ್ನು ಚಿತ್ರೀಕರಿಸಿ ‘ಶೋರ್ಸ್ ಆಫ್ ಸೈಲೆನ್ಸ್’ ಎಂಬ ಸಾಕ್ಷ್ಯಚಿತ್ರವನ್ನು ಮಾಡಿದರು. ದೇಶದ ಕಣ್ಣು ತೆರೆಯಿತು. 2001ರ ಮೇ ತಿಂಗಳಿನಲ್ಲಿ ಕೇಂದ್ರ ಸರಕಾರವು ತಿಮಿಂಗಿಲ ಶಾರ್ಕನ್ನು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಒಂದನೆಯ ಅನುಸೂಚಿಗೆ ಸೇರಿಸಿತು. ಹುಲಿ, ಆನೆಗಳ ಸಾಲಿನಲ್ಲಿ ಮೊತ್ತಮೊದಲಾಗಿ ಒಂದು ಮೀನು ನಿಂತಿತು. ಅದನ್ನು ಕೊಂದವರಿಗೆ ಮೂರರಿಂದ ಏಳು ವರ್ಷಗಳವರೆಗೆ ಸೆರೆವಾಸ. 2022ರ ತಿದ್ದುಪಡಿಯ ಬಳಿಕ ಕನಿಷ್ಠ 25,000 ರೂಪಾಯಿ ದಂಡವೂ ಉಂಟು.

ಆದರೆ ರಾಜಪತ್ರದ ಅಧಿಸೂಚನೆಯನ್ನು ಓದಿ ದೋಣಿಯನ್ನು ಹಿಂದಿರುಗಿಸುವ ಮೀನುಗಾರರು ಎಲ್ಲಿದ್ದಾರೆ? ಅದೇ ವರ್ಷದ ಜುಲೈಯಲ್ಲಿ ಶಾರ್ಕ್ ಮತ್ತು ತೊರಕೆಗಳ ಇಡೀ ವರ್ಗವನ್ನೇ ಅನುಸೂಚಿಗೆ ಸೇರಿಸಿದಾಗ ಕರಾವಳಿಯುದ್ದಕ್ಕೂ ವಿರೋಧ ವ್ಯಕ್ತವಾಯಿತು. ಡಿಸೆಂಬರಿನಲ್ಲಿ ಪಟ್ಟಿಯನ್ನು ಹತ್ತು ಜಾತಿಗಳಿಗೆ ಇಳಿಸಬೇಕಾಯಿತು. ಅನ್ನದ ಪ್ರಶ್ನೆಗೆ ಉತ್ತರ ಕೊಡದ ನಿಷೇಧವು ಬಹಳ ದೂರ ಸಾಗದು ಎಂಬುದಕ್ಕೆ ಇದೇ ನಿದರ್ಶನ.

ಗುಜರಾತಿನಲ್ಲಿ ಆ ಉತ್ತರವನ್ನು ಹುಡುಕಿದರು. 2004ರಲ್ಲಿ ಅರಣ್ಯ ಇಲಾಖೆ, ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಮೊದಲಾದ ಸಂಸ್ಥೆಗಳು ಕೂಡಿ ಅಭಿಯಾನವನ್ನು ಆರಂಭಿಸಿದಾಗ ರಾಮಕಥೆಯ ಪ್ರವಚನಕಾರ ಮೊರಾರಿ ಬಾಪು ಅವರು ಅದರ ರಾಯಭಾರಿಯಾದರು. ಈ ಮೀನು ಹೆರಿಗೆಗಾಗಿ ತವರಿಗೆ ಬರುವ ಮಗಳು. ಮನೆಗೆ ಬಂದ ಬಸುರಿ ಮಗಳನ್ನು ಕೊಲ್ಲುವವರುಂಟೆ ಎಂಬುದು ಅವರು ಮುಂದಿಟ್ಟ ವಿಚಾರ. ‘ಬ್ಯಾರಲ್’ ಹೋಗಿ ‘ವ್ಹಾಲಿ’, ಎಂದರೆ ಅಕ್ಕರೆಯವಳು, ಎಂಬ ಹೆಸರು ಬಂತು. ಅದು ನಿಜವಾಗಿಯೂ ಹೆರಿಗೆಗೇ ಬರುತ್ತದೆಯೆ ಎಂಬುದು ವಿಜ್ಞಾನವು ತೀರ್ಮಾನಿಸಬೇಕಾದ ಮಾತು. ಆದರೆ ತವರು ಎಂಬ ಶಬ್ದವು ಅನುಸೂಚಿ ಎಂಬ ಶಬ್ದಕ್ಕಿಂತ ಆಳಕ್ಕೆ ಇಳಿಯಿತು. ಇದರ ಜೊತೆಗೆ, ಬಲೆಗೆ ಸಿಕ್ಕಿದ ಮೀನನ್ನು ಬಿಡಿಸಲು ಬಲೆಯನ್ನು ಕತ್ತರಿಸಿದವರಿಗೆ ಸರಕಾರದಿಂದ ಪರಿಹಾರ ಧನ ದೊರೆಯತೊಡಗಿತು. ಅಧಿಕಾರಿಗಳು ಬರುವವರೆಗೆ ಕಾಯದೆ ಮೀನುಗಾರರೇ ಛಾಯಾಚಿತ್ರ ತೆಗೆದು ದಾಖಲಿಸುವ ವ್ಯವಸ್ಥೆಯೂ ಬಂತು. ಅಂದಿನಿಂದ ಇಂದಿನವರೆಗೆ ನೂರಾರು ತಿಮಿಂಗಿಲ ಶಾರ್ಕುಗಳು ಆ ಕರಾವಳಿಯಲ್ಲಿ ಬಲೆಯಿಂದ ಬಿಡುಗಡೆ ಹೊಂದಿವೆ. ಕೊಂದ ಕೈಗಳೇ ಕಾಯುವ ಕೈಗಳಾದವು. ನಮ್ಮ ಕೇರಳದ ಕರಾವಳಿಯಲ್ಲಿಯೂ ಮೀನುಗಾರರು ಇದನ್ನು ಬಲೆಯಿಂದ ಬಿಡಿಸಿ ಕಳುಹಿಸಿದ ಪ್ರಸಂಗಗಳು ವರದಿಯಾಗಿವೆ.

ಆರೋಪಿಯಿಲ್ಲದ ಮೊಕದ್ದಮೆ

ಇದೇ ಸೂತ್ರವನ್ನು ಕಪ್ಪೆಗೆ ಅನ್ವಯಿಸಿ ನೋಡಿ. ಅದನ್ನೂ ಅನುಸೂಚಿಗೆ ಸೇರಿಸಿದೆವು, ಅದಕ್ಕೂ ಮುದ್ದಾದ ಹೆಸರಿಟ್ಟೆವು ಎಂದು ಭಾವಿಸೋಣ. ಆಮೇಲೆ ಕಟಕಟೆಯಲ್ಲಿ ನಿಲ್ಲಿಸುವುದು ಯಾರನ್ನು?

ತೊರೆಯ ಮೇಲ್ಭಾಗದಲ್ಲಿ ತೋಟಕ್ಕೆ ನೀರೆಳೆಯಲು ಪೈಪು ಹಾಕಿದ ಕೃಷಿಕರನ್ನೇ? ತಮ್ಮ ಸ್ವಂತ ಪಟ್ಟಾ ಜಾಗದ ಮರ ಕಡಿಸಿದವರನ್ನೇ? ಊರಿಗೆ ರಸ್ತೆ ಬೇಕೆಂದು ಅರ್ಜಿ ಕೊಟ್ಟವರನ್ನೇ, ಗುಡ್ಡ ಜರಿದು ಆ ರಸ್ತೆಯನ್ನು ಮಾಡಿದವರನ್ನೇ? ಕಳೆನಾಶಕ ಸಿಂಪಡಿಸಿದ ಕೂಲಿಯಾಳನ್ನೇ? ಮಳೆಯ ಲೆಕ್ಕವನ್ನೇ ತಪ್ಪಿಸಿದ ಹವಾಮಾನಕ್ಕೆ ಸಮನ್ಸ್ ಕಳುಹಿಸುವುದು ಯಾವ ವಿಳಾಸಕ್ಕೆ? ಇವರಲ್ಲಿ ಯಾರಿಗೂ ಕಪ್ಪೆಯ ಮೇಲೆ ದ್ವೇಷವಿಲ್ಲ. ಹೆಚ್ಚಿನವರಿಗೆ ಅಲ್ಲೊಂದು ಕಪ್ಪೆಯಿದೆಯೆಂಬುದೇ ತಿಳಿಯದು. ಪ್ರತಿಯೊಬ್ಬರ ಕೆಲಸವನ್ನೂ ಬಿಡಿಬಿಡಿಯಾಗಿ ನೋಡಿದರೆ ಅದು ಅನೇಕ ವೇಳೆ ಕಾನೂನುಬದ್ಧವೇ ಆಗಿರುತ್ತದೆ. ಎಲ್ಲವೂ ಕೂಡಿದಾಗ ತೊರೆ ಸಾಯುತ್ತದೆ, ತೊರೆಯೊಡನೆ ಕಪ್ಪೆಯೂ.

ನಮ್ಮ ಅಧಿನಿಯಮದ ಹೃದಯವು ‘ಬೇಟೆ’ ಎಂಬ ಪದದಲ್ಲಿದೆ. ಆ ಪದದ ವ್ಯಾಖ್ಯೆಯಲ್ಲಿ ಕೊಲ್ಲುವುದು, ಸೆರೆಹಿಡಿಯುವುದು, ಗಾಯಗೊಳಿಸುವುದು ಎಲ್ಲ ಸೇರಿವೆ. ಮೊಟ್ಟೆಗೆ ಹಾನಿ ಮಾಡುವುದೂ ಬೇಟೆಯೇ ಎಂದು ಅಲ್ಲಿ ಹೇಳಿದೆ. ಆದರೆ ಆ ವಾಕ್ಯವು ಹೆಸರಿಸುವುದು ಪಕ್ಷಿಗಳನ್ನು ಮತ್ತು ಸರೀಸೃಪಗಳನ್ನು. ಉಭಯಚರಗಳ ಹೆಸರು ಅಲ್ಲಿಲ್ಲ. ‘ಪ್ರಾಣಿ’ ಎಂಬುದರ ವ್ಯಾಖ್ಯೆಯಲ್ಲಿ ಉಭಯಚರಗಳೂ ಅವುಗಳ ಮರಿ ಮೊಟ್ಟೆಗಳೂ ಸೇರಿವೆಯಲ್ಲವೆ ಎಂದು ವಾದಿಸಬಹುದು, ನಿಜ. ಆದರೂ ಮರಳಿನಡಿಯಲ್ಲಿ ಮುಚ್ಚಿಟ್ಟ ಮೊಟ್ಟೆಯ ಮೇಲೆ ತಿಳಿಯದೆ ಕೆಸರು ಬಿದ್ದುದನ್ನು ‘ಬೇಟೆ’ ಎಂದು ಸಾಧಿಸಿ ತೋರಿಸುವುದು ಎಂತಹ ವಕೀಲರಿಗೂ ದುಸ್ತರ.

ಹಾಗೆಂದು ಶಾರ್ಕಿಗೆ ಕಾನೂನು, ಕಪ್ಪೆಗೆ ಕೈಲಾಗದತನ ಎಂದು ಗೆರೆ ಎಳೆದುಬಿಡುವುದು ಸರಿಯಲ್ಲ. ಕಪ್ಪೆಗೂ ಬೇಟೆಗಾರರಿದ್ದ ಕಾಲವೊಂದಿತ್ತು. ಗದ್ದೆಗಳ ದೊಡ್ಡ ಗೂಳಿಕಪ್ಪೆಯ ಕಾಲುಗಳನ್ನು ನಮ್ಮ ದೇಶವು ವಿದೇಶಗಳಿಗೆ ಟನ್ನುಗಟ್ಟಲೆ ರಫ್ತು ಮಾಡುತ್ತಿತ್ತು. 1987ರಲ್ಲಿ ಕೇಂದ್ರ ಸರಕಾರವು ಆ ರಫ್ತನ್ನು ನಿಷೇಧಿಸಿತು, ವ್ಯಾಪಾರ ನಿಂತಿತು. ಗೋವೆಯಲ್ಲಿ ಮಳೆಗಾಲದ ಕಪ್ಪೆಬೇಟೆಯ ವಿರುದ್ಧ ಅರಣ್ಯ ಇಲಾಖೆಯು ಇಂದಿಗೂ ಎಚ್ಚರ ವಹಿಸುತ್ತದೆ. ಅಪಾಯವು ಕೈಯ ರೂಪದಲ್ಲಿ ಬಂದಾಗ ಕಾನೂನು ಕಪ್ಪೆಯನ್ನೂ ಕಾಯಬಲ್ಲದು.

ಇದಕ್ಕೆ ಪ್ರತಿಯಾಗಿ, ಕೊಕ್ಕೆಯಿಂದ ಪಾರಾದ ಶಾರ್ಕಿಗೆ ಇಂದು ಬೇರೆ ಬಗೆಯ ಆಪತ್ತುಗಳಿವೆ. ಮೇಲ್ಮೈಯ ಬಳಿ ನಿಧಾನವಾಗಿ ಈಜುವ ಅದಕ್ಕೆ ಹಡಗುಗಳು ಡಿಕ್ಕಿ ಹೊಡೆಯುತ್ತವೆ, ಸೋಸಿ ತಿನ್ನುವ ಬಾಯಿಗೆ ಪ್ಲಾಸ್ಟಿಕ್ಕಿನ ಚೂರುಗಳು ಸೇರುತ್ತವೆ, ಕಡಲು ಬಿಸಿಯಾಗುತ್ತಿದೆ. ಈ ಮೂರಕ್ಕೂ ನಿರ್ದಿಷ್ಟ ಆರೋಪಿಯಿಲ್ಲ. ಇಲ್ಲಿ ಶಾರ್ಕಿನ ಸ್ಥಿತಿಯೂ ಕಪ್ಪೆಯದ್ದೇ. ಆದುದರಿಂದ ತಕ್ಕಡಿಯಲ್ಲಿ ನಿಜವಾಗಿ ತೂಗಬೇಕಾದುದು ಪ್ರಾಣಿಗಳನ್ನಲ್ಲ, ಅಪಾಯಗಳನ್ನು. ಕೈಯನ್ನು ತಡೆಯುವ ಕೆಲಸವನ್ನು ಸರಕಾರವು ದೂರದಿಂದಲೂ ಮಾಡಬಹುದು. ಜಾಗವನ್ನು ಕಾಯುವ ಕೆಲಸ ನೆರೆಕರೆಯವರಿಂದಲ್ಲದೆ ಆಗದು.

ಜಾಗವನ್ನು ಕಾಯುವ ದಾರಿಗಳು

ನೆರೆಕರೆಯವರ ಕೈಯಲ್ಲಿ ಕಾನೂನಿನ ಉಪಕರಣಗಳು ಇಲ್ಲದಿಲ್ಲ. ಅವುಗಳ ಬಳಕೆ ನಮಗೆ ರೂಢಿಯಾಗಿಲ್ಲ, ಅಷ್ಟೆ. 2002ರ ಜೈವಿಕ ವೈವಿಧ್ಯ ಅಧಿನಿಯಮದ 41ನೆಯ ಕಲಮಿನಂತೆ ಪ್ರತಿಯೊಂದು ಸ್ಥಳೀಯಾಡಳಿತ ಸಂಸ್ಥೆಯೂ ಜೈವಿಕ ವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು. ಊರಿನ ಮರ, ಗಿಡ, ಪ್ರಾಣಿ, ನೀರಿನ ತಾಣ, ಅವುಗಳ ಕುರಿತ ಹಿರಿಯರ ತಿಳಿವಳಿಕೆ ಇವನ್ನೆಲ್ಲ ‘ಜನತಾ ಜೀವವೈವಿಧ್ಯ ದಾಖಲಾತಿ’ಯಲ್ಲಿ ಬರೆದಿಡುವುದು ಆ ಸಮಿತಿಯ ಮುಖ್ಯ ಕೆಲಸ. ನಮ್ಮ ಗ್ರಾಮ ಪಂಚಾಯತುಗಳಲ್ಲಿಯೂ ಇಂತಹ ಸಮಿತಿಗಳುಂಟು. ಅದೇ ಅಧಿನಿಯಮದ 37ನೆಯ ಕಲಮಿನಂತೆ ಮಹತ್ವದ ತಾಣವೊಂದನ್ನು ರಾಜ್ಯ ಸರಕಾರವು ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿ ‘ಜೈವಿಕ ವೈವಿಧ್ಯ ಪಾರಂಪರಿಕ ತಾಣ’ ಎಂದು ಘೋಷಿಸಬಹುದು. ಇಲ್ಲಿ ರಕ್ಷಣೆ ದೊರೆಯುವುದು ಒಂದು ಪ್ರಾಣಿಗಲ್ಲ, ಒಂದು ಜಾಗಕ್ಕೆ. ಕಪ್ಪೆಗೆ ಬೇಕಾದುದೂ ಅದೇ.

ಈ ಸಮಿತಿಗಳು ಕಾಗದದ ಮೇಲೆ ಮಾತ್ರ ಉಳಿಯಬೇಕಾಗಿಲ್ಲ ಎಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. ತನ್ನದೇ ಆದ ಮರ, ಹೂ, ಹಕ್ಕಿ ಮತ್ತು ಪ್ರಾಣಿಯನ್ನು ಘೋಷಿಸಿದ ದೇಶದ ಮೊದಲ ಜಿಲ್ಲೆ ಕಾಸರಗೋಡು. ಕಾಸರಕ ಮರ, ಪೆರಿಯ ಪೊಳತ್ತಾಳಿ ಹೂ, ಬಿಳಿಹೊಟ್ಟೆಯ ಕಡಲ ಹದ್ದು ಮತ್ತು ಚಂದ್ರಗಿರಿ ಹೊಳೆಯಲ್ಲಿ ಕಂಡುಬರುವ ಕ್ಯಾಂಟರನ ದೈತ್ಯ ಮೃದುಚಿಪ್ಪಿನ ಆಮೆ ಈ ಗೌರವಕ್ಕೆ ಪಾತ್ರವಾದವು. ಈ ಆಮೆಯೂ ಅಳಿವಿನ ಅಂಚಿನದ್ದೇ. ಅದನ್ನು ಉಳಿಸಬೇಕಾದರೆ ಹೊಳೆಯ ಮರಳ ದಂಡೆಯೂ ಉಳಿಯಬೇಕು. ಹೊಳೆಯ ದಂಡೆಯವರೆಗೆ ಬಂದ ಈ ಗಮನವು ಹೊಳೆಯನ್ನು ಸೇರುವ ತೋಡುಗಳವರೆಗೆ ಏರಬೇಕಾಗಿದೆ.

ಪೋಷಕರಲ್ಲಿ ಒಂದು ಬಿನ್ನಹ. ಸಂವಿಧಾನದ 51ಎ ವಿಧಿಯು ನಾಗರಿಕರ ಮೂಲಭೂತ ಕರ್ತವ್ಯಗಳನ್ನು ಹೇಳುತ್ತದೆ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣದ ಅವಕಾಶವನ್ನು ಒದಗಿಸುವುದು ಹೆತ್ತವರ ಕರ್ತವ್ಯವೆಂದು ಅದರ ಒಂದು ಖಂಡ ಹೇಳಿದರೆ, ಕಾಡು, ಕೆರೆ, ಹೊಳೆ, ವನ್ಯಜೀವಿಗಳನ್ನು ಕಾಪಾಡುವುದೂ ಜೀವಿಗಳಲ್ಲಿ ದಯೆಯಿರುವುದೂ ಕರ್ತವ್ಯವೆಂದು ಇನ್ನೊಂದು ಖಂಡ ಹೇಳುತ್ತದೆ. ಈ ಎರಡು ಕರ್ತವ್ಯಗಳನ್ನು ಒಂದೇ ನಡಿಗೆಯಲ್ಲಿ ಪೂರೈಸಬಹುದು. ಮಳೆಗಾಲ ಇಳಿದ ಮೇಲೆ ಒಂದು ಬೆಳಗ್ಗೆ ಮಕ್ಕಳನ್ನು ಕರೆದುಕೊಂಡು ಮನೆಯ ಸಮೀಪದ ತೋಡಿನ ಅಂಚಿನಲ್ಲಿ ನಡೆಯಿರಿ. ಅದು ಎಲ್ಲಿ ಹುಟ್ಟುತ್ತದೆ, ಯಾವ ತಿಂಗಳಿನವರೆಗೆ ಹರಿಯುತ್ತದೆ, ದಡದಲ್ಲಿ ಯಾವ ಮರಗಳಿವೆ, ನೀರಿನ ಬಣ್ಣ ಹೇಗಿದೆ, ಎಷ್ಟು ಬಗೆಯ ಕಪ್ಪೆಗಳ ದನಿ ಕೇಳಿಸುತ್ತದೆ ಎಂಬುದನ್ನು ಒಂದು ಪುಸ್ತಕದಲ್ಲಿ ಅವರೇ ಬರೆಯಲಿ. ಅಜ್ಜ ಅಜ್ಜಿಯರನ್ನು ಕೇಳಿ, ಅವರ ಕಾಲದಲ್ಲಿ ಆ ತೋಡು ಹೇಗಿತ್ತೆಂಬುದನ್ನೂ ಸೇರಿಸಲಿ. ಕಪ್ಪೆಗಳನ್ನು ಹಿಡಿಯಬೇಕಾಗಿಲ್ಲ, ಮುಟ್ಟಬೇಕಾಗಿಲ್ಲ. ತೋಡಿನ ಕಲ್ಲುಗಳನ್ನು ಮಗುಚಬಾರದು, ಅವುಗಳ ಅಡಿಯಲ್ಲಿ ಮೊಟ್ಟೆಗಳಿರಬಹುದು. ಕುಣಿಯುವ ಕಪ್ಪೆ ಎಲ್ಲ ತೋಡುಗಳಲ್ಲಿ ಸಿಗುವಂಥದಲ್ಲ. ಅದು ಘಟ್ಟದ ಕಾಡಿನ ತೊರೆಗಳದ್ದು. ಆದರೆ ಗುಡ್ಡದ ತೊರೆಯನ್ನು ಕಾಯುವ ಬುದ್ಧಿ ಬೆಳೆಯುವುದು ಮನೆಯ ತೋಡಿನ ದಡದಲ್ಲಿಯೇ.

ಆ ಪುಸ್ತಕವನ್ನು ಶಾಲೆಯ ಕಪಾಟಿನಲ್ಲಿಟ್ಟು ಮರೆಯದೆ ಪಂಚಾಯತಿನ ಜೈವಿಕ ವೈವಿಧ್ಯ ಸಮಿತಿಗೆ ಬರಹದ ಮೂಲಕ ಒಪ್ಪಿಸಿ, ದಾಖಲಾತಿಯಲ್ಲಿ ಸೇರಿಸುವಂತೆ ಕೋರಿ, ಸ್ವೀಕೃತಿಯನ್ನು ಪಡೆಯಿರಿ. ಮುಂದೊಂದು ದಿನ ಆ ತೋಡಿನ ತಲೆಯಲ್ಲಿ ಗುಡ್ಡವನ್ನು ಅಗೆಯುವ ಪ್ರಸ್ತಾಪ ಬಂದಾಗ ‘ಅಲ್ಲಿ ಏನೂ ಇಲ್ಲ’ ಎಂಬ ವರದಿಗೆ ಉತ್ತರವಾಗಿ ಮುಂದಿಡಲು ಒಂದು ದಾಖಲೆ ಇರುತ್ತದೆ. ನ್ಯಾಯಾಲಯಗಳಲ್ಲಿ ಭಾವನೆಗಿಂತ ದಾಖಲೆಗೆ ತೂಕ ಹೆಚ್ಚು. ದಿನಾಂಕವುಳ್ಳ, ಪಂಚಾಯತಿನ ಮೊಹರುಳ್ಳ ಏಳನೆಯ ತರಗತಿಯ ಮಗುವಿನ ಬರಹವೂ ದಾಖಲೆಯೇ. ಕಟಕಟೆಯಲ್ಲಿ ನಿಲ್ಲಿಸಲು ಆರೋಪಿಯಿಲ್ಲದ ಕಡೆ ನಾವು ಸಿದ್ಧಪಡಿಸಬಹುದಾದುದು ಸಾಕ್ಷಿಯನ್ನು ಮಾತ್ರ. ಈ ವರ್ಷದ ತುಲಾಮಾಸ ಮುಗಿಯುವುದರೊಳಗೆ ಆ ಕೆಲಸವನ್ನು ಆರಂಭಿಸಬಹುದು.